ಒಂದರಿಂದ ಮುಗಿಯುವ ಪಾಸ್‌ವರ್ಡ್

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಭಾಲ್ಕಿಯ ಲ್ಯಾಬ್ ಮಾಲೀಕನ ಫೋನು ಬಂತು. ರಕ್ತ, ಮೂತ್ರ ತಪಾಸಣೆ ಮಾಡುವ ಲ್ಯಾಬು ಅದು. ಅದರ ವೆಬ್‌ಸೈಟು ನಮ್ಮ ಸರ್ವರಿನಲ್ಲಿತ್ತು. ನಮಸ್ಕಾರ ಇಲ್ಲ, ಪೀಠಿಕೆ ಇಲ್ಲ.

"ಮ್ಯಾಡಮ್, ನಮ್ಮ ಲ್ಯಾಬಿನ ಹೆಸರ ಹಾಕಿ ಹುಡುಕಿದ್ರ ಜಪಾನಿ ಬೂಟು ಬರ್ಲತ್ತಾವ್ರಿ. ನಾ ರಕ್ತ ತಪಾಸ್ ಮಾಡ್ಬೇಕೋ, ಬೂಟ್ ಮಾರ್ಬೇಕೋ?"

"ಸೈಟಿನಾಗ ಏನರ ಹೊಸಾದು ಹಾಕೀರೇನ್ರಿ?"

"ನಾ ಯಾಕ ಹಾಕ್ಲಿ? ಸಾಹೇಬ್ರು ಅದಾರೇನ್ರಿ? ಅವ್ರಿಗಿ ಕೊಡ್ರಿ ಫೋನು."

ಸಾಹೇಬರು ಎಂದರೆ ನನ್ನ ಪಾಲುದಾರ. ಬೀದರಿನ ಹಳೇ ಊರಿನವನು, ಬಿದರಿ ಕೆಲಸದ ಮನೆತನ, ನನಗಿಂತ ಐದು ವರ್ಷ ಚಿಕ್ಕವನು. ಮೈಲೂರಿನಲ್ಲಿ ಒಂದು ಹೊಲಿಗೆ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಈ ಕಂಪನಿ ತೆರೆದವಳು ನಾನು, ಅವನು ಸೇರಿಕೊಂಡದ್ದು ಒಂದು ತಿಂಗಳ ಮೇಲೆ. ಆದರೂ ಆರು ವರ್ಷಗಳಿಂದ ಗಿರಾಕಿಗಳಿಗೆ ಬೇಕಾದದ್ದು ಸಾಹೇಬರೇ. ನಾನು ಚಹಾ ತರಿಸುವವಳು ಎಂದುಕೊಂಡವರು ಎಷ್ಟು ಮಂದಿಯೋ. ಅವರ ಬಗ್ಗೆ ನನಗಿದ್ದ ತಿರಸ್ಕಾರ ಅಲ್ಲಿಂದ ಶುರುವಾಯಿತು ಎಂದು ಹೇಳಿ ತಪ್ಪಿಸಿಕೊಳ್ಳಬಹುದು. ಖರೆ ಹೇಳಬೇಕೆಂದರೆ ಅದು ನನ್ನ ಸ್ವಭಾವ. ತಿಳಿಯದವರನ್ನು ಕಂಡರೆ ನನಗೆ ತಡೆದುಕೊಳ್ಳಲಾಗುವುದಿಲ್ಲ.

ನಮ್ಮದು ವೆಬ್ ಹೋಸ್ಟಿಂಗ್, ಅಂದರೆ ಬೇರೆಯವರ ಸೈಟುಗಳಿಗೆ ಬಾಡಿಗೆ ಮನೆ ಕೊಡುವ ಕೆಲಸ. ಮನೆ ಹೈದರಾಬಾದಿನ ಒಂದು ಡೇಟಾ ಸೆಂಟರಿನಲ್ಲಿ. ಅಲ್ಲಿ ನಾವು ಬಾಡಿಗೆಗೆ ಹಿಡಿದ ಸರ್ವರ್ ಇದೆ, ಅದರೊಳಗೆ ನೂರಾ ನಲವತ್ತು ಸೈಟು. ಬ್ಯಾಳಿ ಮಿಲ್ಲು, ಕಾಲೇಜು, ಬೀಜದ ಅಂಗಡಿ, ಬಿದರಿ ಹೂಜಿ ಮಾರುವವರು, ದವಾಖಾನೆಗಳು. ಒಬ್ಬರಿಗಾದರೂ ಸೈಟು ಎಂದರೇನು ಎಂದು ಗೊತ್ತಿಲ್ಲ. ಎದುರಿನ ಅಂಗಡಿಯವನಿಗೆ ಇದೆ, ಅದಕ್ಕೆ ತಮಗೂ ಬೇಕು, ಅಷ್ಟೇ.

ಲ್ಯಾಬಿನವನ ಸೈಟು ಮಾತ್ರ ನಿಜಕ್ಕೂ ಕೆಲಸಕ್ಕೆ ಬರುತ್ತಿತ್ತು. ಹಲಬರ್ಗಾದಲ್ಲಿ, ಔರಾದಿನಲ್ಲಿ ಅವನ ಮಂದಿ ರಕ್ತ ತೆಗೆದುಕೊಂಡು ಭಾಲ್ಕಿಗೆ ಕಳಿಸುತ್ತಿದ್ದರು. ರಿಪೋರ್ಟು ಸೈಟಿಗೆ ಏರುತ್ತಿತ್ತು, ರೋಗಿಯ ಮೊಬೈಲಿಗೆ ಲಿಂಕು ಹೋಗುತ್ತಿತ್ತು. ಔರಾದ ಕಡೆಯ ಹಳ್ಳಿಯವರಿಗೆ ಎರಡನೇ ಸಲ ಬಸ್ಸು ಹತ್ತುವ ಕೆಲಸ ತಪ್ಪಿತ್ತು.

ನಾನು ಸೈಟು ತೆರೆದು ನೋಡಿದೆ. ಯಾರೋ ಒಳಗೆ ಹೊಕ್ಕು ಜಪಾನಿ ಭಾಷೆಯ ಸಾವಿರಾರು ಪುಟ ತುರುಕಿದ್ದರು. ಇದು ಹಳೇ ಆಟ. ಕಳ್ಳಮಾಲು ಮಾರುವವರು ಊರವರ ಸೈಟಿನ ಬೆನ್ನ ಮೇಲೆ ಕೂತು ಸರ್ಚಿನಲ್ಲಿ ಮೇಲೆ ಬರುತ್ತಾರೆ. ಪುಟಗಳನ್ನು ಅಳಿಸಿದೆ, ಲ್ಯಾಬಿನ ಪಾಸ್‌ವರ್ಡ್ ಬದಲಾಯಿಸಿದೆ. ಹಳೆಯದು ಲ್ಯಾಬಿನ ಹೆಸರು, ಮುಂದೆ ನೂರಾ ಒಂದು.

ನಮ್ಮ ಕಡೆ ಎಲ್ಲರದೂ ಹೀಗೇ. ಮದುವೆ ಉಡುಗೊರೆ ಆಯೇರಿಗೆ ನೂರಾ ಒಂದು ರೂಪಾಯಿ ಹಾಕುತ್ತಾರೆ, ದೇವರಿಗೆ ಐನೂರಾ ಒಂದು ಬರೆಸುತ್ತಾರೆ, ಸೊನ್ನೆಗೆ ಮುಗಿಸಿದರೆ ಅಪಶಕುನ. ಪಾಸ್‌ವರ್ಡಿಗೂ ಅದೇ ಶಾಸ್ತ್ರ. ನೂರಾ ನಲವತ್ತು ಗಿರಾಕಿಗಳಲ್ಲಿ ನೂರು ಜನರ ಪಾಸ್‌ವರ್ಡನ್ನು ನಾನು ಕಣ್ಣು ಮುಚ್ಚಿ ಹೇಳಬಲ್ಲೆ. ಅಂಗಡಿಯ ಹೆಸರು, ಕೊನೆಗೆ ಒಂದು. ಕಳ್ಳನಿಗೆ ಕೀಲಿ ಒಡೆಯುವ ಶ್ರಮವೂ ಬೇಡ.

ಹದಿನಾರು ಅಕ್ಷರದ ಹೊಸ ಪಾಸ್‌ವರ್ಡ್ ಮಾಡಿ ಫೋನಿನಲ್ಲಿ ಬರೆಸಿದೆ. ಕೊನೆಯಲ್ಲಿ ಎಂಟು ಬಂದದ್ದಕ್ಕೆ ಅವನ ಮನಸ್ಸು ಒಪ್ಪಲಿಲ್ಲ.

"ಅದರ ಮುಂದ ಒಂದರ ಹಾಕ್ರಿ ಮ್ಯಾಡಮ್. ಲಕ್ಷಣ ಅಲ್ರಿ ಅದು."

"ನಿಮ್ಮ ಲಕ್ಷಣದ ದೆಸಿಂದನೇ ಬೂಟು ಬಂದಾವ್ರಿ," ಎಂದು ಫೋನಿಟ್ಟೆ. ಆಚೆ ಮೇಜಿನಲ್ಲಿ ಕೂತಿದ್ದ ಪಾಲುದಾರನ ಕಡೆ ತಿರುಗಿ, ಈ ಜನಕ್ಕೆ ಕಂಪ್ಯೂಟರು ಮಾರಲು ಲೈಸೆನ್ಸ್ ಇರಬೇಕು ಭಾಯ್, ಬಂದೂಕಿಗೆ ಇದ್ದಂತೆ, ಎಂದೆ. ಅವನು ನಗಲಿಲ್ಲ.

ಮಂಗಳವಾರ ಬೂಟುಗಳು ಮತ್ತೆ ಬಂದವು. ಈ ಸಲ ಒಂದು ಬ್ಯಾಳಿ ಮಿಲ್ಲಿನ ಸೈಟಿನಲ್ಲಿ, ಒಂದು ಕಾಲೇಜಿನ ಸೈಟಿನಲ್ಲಿ ಕೂಡ. ನಾನು ಮೂರು ಕಡೆಯವರಿಗೂ ಫೋನು ಮಾಡಿ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಮಂಗಳಾರತಿ ಮಾಡಿದೆ. ಕಾಲೇಜಿನ ಪ್ರಾಚಾರ್ಯರಿಗೆ, ಸರ್, ನಿಮ್ಮಲ್ಲಿ ಕಂಪ್ಯೂಟರ್ ವಿಭಾಗ ಇದೆಯಂತೆ, ಬರೀ ಬೋರ್ಡೋ ಅಥವಾ ಒಳಗೆ ಯಾರಾದರೂ ಇದ್ದಾರೋ, ಎಂದು ಕೇಳಿದೆ. ಆ ದಿನ ಈ ಮಾತು ನನಗೆ ಬಹಳ ಹಿಡಿಸಿತ್ತು.

ಮಧ್ಯಾಹ್ನ ಹೈದರಾಬಾದಿನಿಂದ ಪತ್ರ ಬಂತು. ನಿಮ್ಮ ಸರ್ವರಿನಿಂದ ಕಸದ ಮಿಂಚಂಚೆ ಹೋಗುತ್ತಿದೆ, ನಲವತ್ತೆಂಟು ಗಂಟೆಯೊಳಗೆ ಸರಿಮಾಡದಿದ್ದರೆ ತಂತಿ ಕೀಳುತ್ತೇವೆ.

ಪಾಲುದಾರ ಬೆಳಗಿನಿಂದ ಲಾಗ್ ಓದುತ್ತಿದ್ದ. ಲಾಗ್ ಎಂದರೆ ಸರ್ವರು ತಾನೇ ಬರೆದುಕೊಳ್ಳುವ ದಿನಚರಿ: ಯಾರು ಬಂದರು, ಯಾವ ಬಾಗಿಲಿನಿಂದ, ಎಷ್ಟು ಹೊತ್ತಿಗೆ. ಅವನ ಅಪ್ಪ ಬೆಳ್ಳಿ ತಂತಿಯನ್ನು ಕೂದಲೆಳೆಯಷ್ಟು ಸಂದಿಯಲ್ಲಿ ಕೂರಿಸುತ್ತಿದ್ದ ಕುಶಲಕರ್ಮಿ. ಮಗನಿಗೂ ಅದೇ ತಾಳ್ಮೆ ಬಂದಿದೆ. ಅದನ್ನೂ ನಾನು ನಿಧಾನ ಎಂದು ಮೂದಲಿಸುತ್ತಿದ್ದೆ.

"ಆಪಾ, ಜರಾ ನಿಂದರ್ರಿ," ಎಂದ. ಅಕ್ಕ ಎನ್ನುವುದಕ್ಕೆ ಅವನ ಮನೆಮಾತು ಅದು. "ಮೂರು ಸೈಟು, ಮೂರು ಪಾಸ್‌ವರ್ಡ್. ಮೂರಕ್ಕೂ ಒಂದೇ ತಾಸಿನಾಗ ಹೊಕ್ಕಾರ. ಒಬ್ಬೊಬ್ರ ಮನಿ ಬಾಗಿಲಾ ಮುರದು ಬಂದಂಗ ಕಾಣಲ್ಲ. ಎಲ್ಲಾ ಮನಿ ಇರೋ ವಾಡೇದ ದೊಡ್ಡ ಬಾಗಿಲೇ ಖುಲ್ಲಾ ಇದ್ದಂಗ ಅದ."

"ನಮ್ಮ ಬಾಗಿಲಾ? ಶಕ್ಯನೇ ಇಲ್ಲ. ಗಿರಾಕಿಗಳದೇ ನೋಡ್ರಿ ಇನ್ನೊಮ್ಮಿ."

ಅವನು ತಿರುಗಿ ಲಾಗಿಗೆ ಬಗ್ಗಿದ. ನಾನು ಮತ್ತೊಂದು ಸುತ್ತು ಅಳಿಸಿದೆ.

ಬುಧವಾರ ಒಂಬತ್ತಕ್ಕೆ ಅಪರಿಚಿತ ನಂಬರಿನಿಂದ ಫೋನು ಬಂತು. ಹೆಂಗಸಿನ ದನಿ, ಮೆಲ್ಲಗೆ.

"ಲ್ಯಾಬಿನ ಸೈಟಿನ ಕೆಳಗ ನಿಮ್ಮ ನಂಬರ್ ಇತ್ತರಿ. ಅದಕ ಹಚ್ಚೇನಿ. ನಂದೊಂದು ಕಾಗದ ಅದ ಅದರಾಗ. ತಗೀಲಿಕ್ಕಿ ಬರ್ತದೇನ್ರಿ?"

ಅವಳ ಊರು ಚಿಂತಾಕಿಯಿಂದಾಚೆ. ಹೆಸರು ಬೇಡ, ಊರಿನದೂ ಬೇಡ, ಅವಳದೂ ಬೇಡ. ಅಲ್ಲಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆ. ತಿಂಗಳ ಹಿಂದೆ ದಣಿವು ಎಂದು ಔರಾದಿನಲ್ಲಿ ರಕ್ತ ಕೊಟ್ಟಿದ್ದಳು. ಹೆಪಟೈಟಿಸ್ ಬಿ ಎಂದು ಬಂದಿತ್ತು. ಬೀದರಿನ ಡಾಕ್ಟರು, ಔಷಧ ನಡೆಯಲಿ, ಅಡುಗೆಗೆ ಏನೂ ಅಡ್ಡಿಯಿಲ್ಲ, ಇದು ರಕ್ತದಿಂದ ಬರುವುದು, ಅನ್ನದಿಂದಲ್ಲ, ಎಂದು ಹೇಳಿ ಕಳಿಸಿದ್ದರು. ಅಲ್ಲಿಗೆ ಅದು ಅವಳ ಮತ್ತು ಡಾಕ್ಟರ ನಡುವಿನ ಮಾತಾಗಿ ಮುಗಿಯಬೇಕಿತ್ತು.

"ನಮ್ಮೂರಾಗೊಬ್ಬವ ತನ್ನ ಸಕ್ರಿ ತಪಾಸಣಿ ಹುಡುಕ್ಲಿಕ್ಕಿ ಊರ ಹೆಸರು ಹಾಕ್ಯಾನ್ರಿ. ನಮ್ಮೂರ ಮಂದೀದ ಎಲ್ಲಾರದೂ ಬಂದಾದ. ನನ್ನ ಹೆಸರು, ಮುಂದ ಬ್ಯಾನಿ ಹೆಸರು. ಸಾಲಿ ಕಮಿಟಿ ಅಧ್ಯಕ್ಷರಿಗಿ ತೋರ್ಸ್ಯಾನ. ಸೋಮಾರ ಮೀಟಿಂಗ್ ಅದ. ಮಕ್ಕಳಿಗಿ ಈಕಿ ಕೈಲೆ ಉಣಸ್ಬಾರ್ದು ಅಂತ ಠರಾವ್ ಮಾಡ್ತಾರಂತ."

ಅವಳು ಅಳಲಿಲ್ಲ. ನೋಡುತ್ತೇನೆ ಎಂದು ಫೋನಿಟ್ಟು ಸರ್ಚಿನಲ್ಲಿ ಅವಳ ಊರಿನ ಹೆಸರು, ಲ್ಯಾಬಿನ ಹೆಸರು ಹಾಕಿದೆ. ಸಾಲುಸಾಲಾಗಿ ಬಂದವು. ರೋಗಿಯ ಹೆಸರು, ಊರು, ತಪಾಸಣೆಯ ಹೆಸರು, ಮೂರೂ ಫೈಲಿನ ತಲೆಯ ಮೇಲೇ ಇದ್ದವು, ತೆರೆಯುವ ಅಗತ್ಯವೂ ಇರಲಿಲ್ಲ. ಯಾರದೋ ಬಸಿರಿನ ತಪಾಸಣೆ, ಯಾರದೋ ಕ್ಷಯ.

ಆದದ್ದಿಷ್ಟು. ರಿಪೋರ್ಟುಗಳಿದ್ದ ಫೋಲ್ಡರಿನ ಬಾಯಿಗೆ ನಾವು ಒಂದು ಸಣ್ಣ ಫೈಲಿಟ್ಟಿದ್ದೆವು, ಹೊರಗಿನವರಿಗೆ ಪಟ್ಟಿ ತೋರಿಸಬೇಡ ಎಂದು ಸರ್ವರಿಗೆ ಹೇಳುವ ಫೈಲು. ಒಳಗೆ ಬಂದವರು ತಮ್ಮ ಬೂಟಿನ ಪುಟಗಳು ಕಾಣಲಿ ಎಂದು ಅಂಥ ಫೈಲುಗಳನ್ನೆಲ್ಲ ಅಳಿಸಿ ತಮ್ಮದನ್ನು ಇಟ್ಟಿದ್ದರು. ಸರ್ಚಿನವರನ್ನು ಕರೆದು, ಬನ್ನಿ, ಎಲ್ಲ ಓದಿಕೊಳ್ಳಿ, ಎಂದಿದ್ದರು. ಅವರು ಬಂದು ಬೂಟಿನ ಜೊತೆ ಊರಿನ ರೋಗಗಳನ್ನೂ ಓದಿಕೊಂಡು ಹೋಗಿದ್ದರು. ನಾನು ಎರಡು ದಿನ ಬೂಟು ಗುಡಿಸುತ್ತ ಕೂತಿದ್ದೆ, ಪಕ್ಕದ ಫೋಲ್ಡರಿನ ಕಡೆ ಕಣ್ಣು ಹಾಯಿಸಿರಲಿಲ್ಲ. ಗುಟ್ಟಿನ ಕಾಗದಗಳನ್ನು ಹಾಗೆ ಬೀದಿ ಬದಿಯ ಫೋಲ್ಡರಿನಲ್ಲಿ ಇಡಲೇಬಾರದಿತ್ತು. ಇಟ್ಟವರು ನಾವು.

ಲ್ಯಾಬಿನವನಿಗೆ ಫೋನು ಮಾಡಿ ಸೈಟು ಈಗಿಂದೀಗ ಮುಚ್ಚಬೇಕು ಎಂದೆ. ಆಗುವುದಿಲ್ಲ ಎಂದ. ಭಾನುವಾರ ಔರಾದಿನಲ್ಲಿ ಆರೋಗ್ಯ ಶಿಬಿರ, ಮೊಬೈಲಿನಲ್ಲೇ ರಿಪೋರ್ಟ್ ಎಂದು ಬ್ಯಾನರ್ ಹಚ್ಚಿದ್ದಾನೆ. ಇಂಥವನ ಜೊತೆ ಫೋನಿನಲ್ಲಿ ಮಾತಾಡಿ ಉಪಯೋಗವಿಲ್ಲ ಎಂದು ಗಾಡಿ ತೆಗೆದುಕೊಂಡು ಭಾಲ್ಕಿಗೆ ಹೋದೆ.

ಅವನ ಲ್ಯಾಬಿನಲ್ಲಿ ರೋಗಿಗಳು ಕೂರುವ ಬೆಂಚು, ಬೆಂಚಿನೆದುರು ಕೌಂಟರು, ಕೌಂಟರಿನ ಹಿಂದೆ ಗೋಡೆಗೆ ಕ್ಯಾಲೆಂಡರು. ಕ್ಯಾಲೆಂಡರಿನ ಮೇಲೆ ದಪ್ಪ ಮಾರ್ಕರಿನಲ್ಲಿ ನಾನು ಸೋಮವಾರ ಕೊಟ್ಟ ಹದಿನಾರು ಅಕ್ಷರ. ಹದಿನೇಳನೆಯದಾಗಿ ಒಂದು, ಅದಕ್ಕೆ ಕುಂಕುಮದ ಬೊಟ್ಟು. ಬೆಂಚಿನ ಮೇಲೆ ಕೂತಿದ್ದ ಮುದುಕನೊಬ್ಬ ಬೇಸರಕ್ಕೆ ಅದನ್ನೇ ಓದುತ್ತಿದ್ದ.

"ಪಾಸ್‌ವರ್ಡಿಗಿ ಒಂದು ಹೆಂಗ ಕೂಡಿಸಿದ್ರಿ?" ಎಂದು ಕೇಳಿದೆ.

"ಬದಲಿ ಮಾಡೋದು ನಮ್ಮ ಹುಡ್ಗಿಗಿ ಬರ್ತದ್ರಿ," ಎಂದ, ಹೆಮ್ಮೆಯಿಂದ.

"ರಿಪೋರ್ಟಿನ ಹೆಸರಿನಾಗ ಮಂದಿ ಹೆಸರು, ಬ್ಯಾನಿ ಹೆಸರು ಯಾಕ ಬರೀತೀರಿ? ನಂಬರ್ ಹಾಕ್ರಿ ಅಂತ ಹೇಳಿದ್ನಲ್ಲ?"

"ನಂಬರ್ ಹಾಕಿದ್ರ ನಮ್ಗ ಸಿಗೋದು ಹ್ಯಾಂಗ್ರಿ? ಹೆಸರಿದ್ರ ಬರಾಬರ್ ಸಿಗ್ತದ."

"ಬರಾಬರ್ ಸಿಕ್ಕಾದ್ರಿ. ಅವ್ರ ಊರ ಮಂದಿಗೆಲ್ಲ ಸಿಕ್ಕಾದ."

ಅಡುಗೆಯವಳ ವಿಷಯ ಹೇಳಿದೆ. ಅವನು ಕೈ ಅಲ್ಲಾಡಿಸಿದ. "ಏ, ಅಡಗಿ ಮಾಡಾಕಿ ಅದಾಳ, ಅಕಿ ರಿಪೋರ್ಟ್ ಯಾರ್ ನೋಡ್ತಾರ್ರಿ? ಶಿಬಿರ ಮುಗೀಲಿ, ಆಮ್ಯಾಲ ನೋಡಮ್."

ಆ ಕೈ ಅಲ್ಲಾಡಿಸಿದ ರೀತಿ ನನಗೆ ಚೆನ್ನಾಗಿ ಗೊತ್ತಿತ್ತು. ಗಿರಾಕಿಗಳ ಫೋನಿಟ್ಟ ಮೇಲೆ ನಾನೂ ಹಾಗೇ ಅಲ್ಲಾಡಿಸುತ್ತೇನೆ. ಅಲ್ಲೇ ನಿಂತು ಮೊಬೈಲ್ ತೆಗೆದು, ಅವನ ಕಣ್ಣೆದುರಿಗೇ ಅವನ ಸೈಟು ಮುಚ್ಚಿದೆ. ಕಾಗದ ಇಲ್ಲ, ಅನುಮತಿ ಇಲ್ಲ. ಕೋರ್ಟಿಗೆ ಹೋಗುತ್ತೇನೆ ಎಂದ. ಹೋಗುವಾಗ ಆ ಕ್ಯಾಲೆಂಡರನ್ನೂ ಒಯ್ಯಿರಿ, ಸಾಕ್ಷಿಗೆ ಬೇಕಾಗುತ್ತದೆ, ಎಂದು ಹೊರಬಿದ್ದೆ. ಹಲಬರ್ಗಾ ದಾಟುವವರೆಗೂ ಗಾಡಿಯ ಮೇಲೆ ಒಬ್ಬಳೇ ಅವನನ್ನು ಬಯ್ಯುತ್ತ ಬಂದೆ, ಮಜವಾಗಿ.

ಆಫೀಸಿನಲ್ಲಿ ಪಾಲುದಾರ ನನ್ನ ಕುರ್ಚಿಯನ್ನು ತನ್ನ ಪರದೆಯ ಪಕ್ಕಕ್ಕೆ ಎಳೆದಿಟ್ಟಿದ್ದ.

"ಕೂಡ್ರಿ ಆಪಾ."

ಲಾಗಿನ ಒಂದು ಸಾಲಿನ ಮೇಲೆ ಬೆರಳಿಟ್ಟ. ಹದಿನೇಳು ದಿನದ ಹಿಂದಿನ ಭಾನುವಾರ. ಮುಖ್ಯ ಕಂಟ್ರೋಲ್ ಪ್ಯಾನೆಲ್, ಅಂದರೆ ಎಲ್ಲ ಸೈಟುಗಳ ಕೀಲಿಕೈ ಗೊಂಚಲು ಇರುವ ಜಾಗ. ಹೊರದೇಶದ ಬೇರೆ ಬೇರೆ ವಿಳಾಸಗಳಿಂದ ಹನ್ನೊಂದು ಸಲ ತಪ್ಪು ಪಾಸ್‌ವರ್ಡ್. ಹನ್ನೆರಡನೇ ಸಲ ಬಾಗಿಲು ತೆರೆದಿತ್ತು. ಯಾವ ಖಾತೆಯಿಂದ ಎಂಬುದನ್ನೂ ಸರ್ವರು ಬರೆದುಕೊಂಡಿತ್ತು. ನನ್ನ ಖಾತೆ.

"ಪಾಸ್‌ವರ್ಡ್ ಏನಿತ್ತರಿ?" ಎಂದು ಕೇಳಿದ. ಅವನಿಗೆ ಗೊತ್ತಿರಲಿಲ್ಲ. ನಾನು ಯಾರಿಗೂ ಹೇಳಿರಲಿಲ್ಲ. ಆ ಶಿಸ್ತು ಮಾತ್ರ ನನಗಿತ್ತು.

ಆಫೀಸು ತೆರೆದ ದಿನ ಪೂಜೆ ಮಾಡಿಸಿದ್ದು ನನ್ನ ಅವ್ವ. ಕಾಯಿ ಒಡೆದು, ಕಂಪ್ಯೂಟರಿಗೆ ಅರಿಷಿಣ ಕುಂಕುಮ ಹಚ್ಚಿ, ಮೊದಲು ಏನಾದರೂ ಬರಿ ಎಂದಳು. ಆ ಹೊತ್ತಿಗೆ ಪರದೆಯ ಮೇಲೆ ಇದ್ದದ್ದು ಪಾಸ್‌ವರ್ಡಿನ ಖಾನೆ. ಕಂಪನಿಯ ಹೆಸರು ಬರೆದೆ. ಅಂಕಿ ಬೇಕು ಎಂದಿತು. ಸಾವಿರ ಎಂದು ಹಾಕಿದೆ. ಅವ್ವ ಬೆನ್ನ ಹಿಂದಿನಿಂದ, "ಸೊನ್ನಿಗಿ ಬಿಡಬ್ಯಾಡವ್ವ," ಎಂದಳು. ಸಾವಿರದ ಒಂದು ಮಾಡಿದೆ. ನಾಳೆ ಬದಲಾಯಿಸಿದರಾಯಿತು ಎಂದುಕೊಂಡೆ. ಆರು ವರ್ಷವಾಗಿತ್ತು.

ಇಷ್ಟನ್ನೂ ಅವನಿಗೆ ಹೇಳಿದೆ. ಮುಖ ಎತ್ತಲಾಗಲಿಲ್ಲ. ನಾಚಿಕೆ ಎಂಬ ಪದ ಸಣ್ಣದು, ಅಲ್ಲಿಂದ ಎದ್ದು ಮನೆಗೆ ಹೋಗಿ ಕದ ಹಾಕಿಕೊಳ್ಳಬೇಕು ಅನಿಸಿತು. ಎರಡನೇ ಬೀಗವೊಂದು ಇತ್ತು, ಮೊಬೈಲಿಗೆ ಸಂಖ್ಯೆ ಬಂದು ಅದನ್ನು ಹಾಕಿದರಷ್ಟೇ ತೆರೆಯುವಂಥದ್ದು. ಔರಾದಿಗೆ ಹೋದಾಗ ಸಿಗ್ನಲ್ ಸಿಗದೆ ಕಿರಿಕಿರಿಯಾಗುತ್ತದೆ ಎಂದು ಅದನ್ನು ತೆಗೆಸಿದವಳೂ ನಾನೇ.

"ನಮ್ಮ ದೇಶದ ಪಾಸ್‌ವರ್ಡ್ ಎಷ್ಟೋ ಲೀಕ್ ಆಗ್ಯಾವ ಆಪಾ," ಎಂದ. "ನಾವು ಒಂದಕ್ಕ ಮುಗಿಸ್ತೇವಿ ಅಂತ ಅವ್ರಿಗಿ ಗೊತ್ತದ. ನೂರಾ ಒಂದು ನೋಡ್ಯಾರ, ಐನೂರಾ ಒಂದು ನೋಡ್ಯಾರ." ಅವನ ದನಿಯಲ್ಲಿ ಹಂಗಿಸುವ ಧಾಟಿ ಹುಡುಕಿದೆ. ಇರಲಿಲ್ಲ. ಅವನ ಜಾಗದಲ್ಲಿ ನಾನಿದ್ದಿದ್ದರೆ ಒಂದು ತಿಂಗಳಿಗಾಗುವಷ್ಟು ಮಾತು ಸಿಗುತ್ತಿತ್ತು.

ಗೊಂಚಲೇ ಹೋದ ಮೇಲೆ ಒಂದೊಂದು ಸೈಟು ಗುಡಿಸುವುದರಲ್ಲಿ ಅರ್ಥವಿಲ್ಲ. ಒಳಗೆ ಬಂದವರು ತಿರುಗಿ ಬರಲು ಎಲ್ಲೆಲ್ಲಿ ಕಿಂಡಿ ಕೊರೆದಿದ್ದಾರೋ ಯಾರಿಗೆ ಗೊತ್ತು. ಸರ್ವರನ್ನು ಪೂರಾ ಬಂದ್ ಮಾಡಬೇಕು, ಹೊಸ ಸರ್ವರಿನಲ್ಲಿ ಮೊದಲಿನಿಂದ ಕಟ್ಟಬೇಕು, ಕಳ್ಳರು ಬರುವ ಮುಂಚಿನ ಪ್ರತಿಯಿಂದ ಸೈಟುಗಳನ್ನು ಇಳಿಸಬೇಕು. ನೂರಾ ನಲವತ್ತು ಗಿರಾಕಿಗಳೂ ಎರಡು ದಿನ ಕತ್ತಲಲ್ಲಿ. ಬುಧವಾರ ಮಧ್ಯಾಹ್ನ ಎರಡಕ್ಕೆ ಬಂದ್ ಮಾಡಿದೆವು.

ಆಗ ಗೊತ್ತಾಯಿತು, ಮುಂಚಿನ ಪ್ರತಿಯೇ ಇಲ್ಲ. ಸರ್ವರು ದಿನಾ ತಾನಾಗಿ ಪ್ರತಿ ತೆಗೆಯುತ್ತಿತ್ತು, ಆದರೆ ಹದಿನಾಲ್ಕು ದಿನದ್ದನ್ನಷ್ಟೇ ಇಟ್ಟು ಹಳೆಯದನ್ನು ಅಳಿಸುತ್ತಿತ್ತು. ಕಳ್ಳರು ಹೊಕ್ಕು ಹದಿನೇಳು ದಿನ. ಹದಿನಾಲ್ಕೂ ಪ್ರತಿಗಳಲ್ಲಿ ಅವರೇ ಕೂತಿದ್ದರು. ಜಾಗ ದಂಡ ಎಂದು ಹದಿನಾಲ್ಕಕ್ಕೆ ಇಳಿಸಿದ್ದು ಯಾರು ಎಂದು ಬೇರೆ ಹೇಳಬೇಕಿಲ್ಲ.

ಪಾಲುದಾರ ಎದ್ದು, ಮನೆಗೆ ಹೋಗಿ ಬರುತ್ತೇನೆ ಎಂದ. ಮುಕ್ಕಾಲು ಗಂಟೆಗೆ ಒಂದು ತಗಡಿನ ಡಬ್ಬಿ ತಂದ. ಅವನ ಅಪ್ಪ ಉಳಿಗಳನ್ನಿಡುತ್ತಿದ್ದ ಡಬ್ಬಿ. ಅದರಲ್ಲಿ ಬಟ್ಟೆ ಸುತ್ತಿದ ಐದು ಹಾರ್ಡ್ ಡಿಸ್ಕು. ಪ್ರತಿ ಶುಕ್ರವಾರ ನಮಾಜಿಗೆ ಹೊರಡುವ ಮುಂಚೆ ಅವನು ಎಲ್ಲವನ್ನೂ ಒಂದು ಡಿಸ್ಕಿಗೆ ತುಂಬಿ ಮನೆಗೆ ಒಯ್ಯುತ್ತಿದ್ದದ್ದು ನನಗೆ ಗೊತ್ತಿತ್ತು. ಎಷ್ಟು ಸಲ ನಕ್ಕಿದ್ದೆ! ಭಾಯ್, ಕಾಲ ಎಲ್ಲಿಗೆ ಹೋಗಿದೆ, ನೀವು ಇನ್ನೂ ಬುತ್ತಿ ಕಟ್ಟಿಕೊಂಡು ಹೋಗುವವರ ಥರ, ಎಂದಿದ್ದೆ. ಐದು ಡಿಸ್ಕು, ಐದು ಶುಕ್ರವಾರ. ಮೂರನೆಯದು ಕಳ್ಳರು ಬರುವ ಎರಡು ದಿನ ಮುಂಚಿನದು.

"ಶುಕ್ರಿಯಾ ಭಾಯ್," ಎಂದೆ. ಆರು ವರ್ಷದಲ್ಲಿ ಅವನಿಗೆ ಮೊದಲ ಸಲ ಹೇಳಿದ್ದಿರಬೇಕು.

"ಅಬ್ಬಾ ಹೇಳ್ತಿದ್ರು," ಎಂದ ಅವನು. "ಮಾಲು ದುಕಾನದಾಗ ಇರ್ಲಿ, ಅಚ್ಚು ಮನ್ಯಾಗ ಇರ್ಲಿ ಅಂತ."

ಗುರುವಾರ, ಶುಕ್ರವಾರ ಆ ಕೆಲಸವೇ. ಒಂದೊಂದು ಸೈಟನ್ನೂ ಡಿಸ್ಕಿನಿಂದ ತೆಗೆದು, ಜಾಲಾಡಿ, ಹೊಸ ಸರ್ವರಿಗೆ ಏರಿಸುವುದು. ಗಿರಾಕಿಗೆ ಫೋನು ಮಾಡಿ ಹೊಸ ಪಾಸ್‌ವರ್ಡ್ ಕೊಡುವುದು, ಎರಡನೇ ಬೀಗ ಹಾಕಿಸುವುದು. ಬೈಗಳು ಧಾರಾಳವಾಗಿ ಬಂದವು. ಹೈದರಾಬಾದಿನವರಿಗೆ ಸ್ಥಿತಿ ತಿಳಿಸಿದೆವು, ತಂತಿ ಕೀಳಲಿಲ್ಲ. ಸರ್ಚಿನವರಿಗೆ ಲ್ಯಾಬಿನ ರಿಪೋರ್ಟುಗಳ ಎಲ್ಲ ಕೊಂಡಿ ತೆಗೆಯಲು ಅರ್ಜಿ ಹಾಕಿದ್ದೆ, ಶುಕ್ರವಾರ ಸಂಜೆಗೆ ಪಟ್ಟಿ ಖಾಲಿಯಾಯಿತು. ಲ್ಯಾಬಿನ ಸೈಟನ್ನು ಮಾತ್ರ ಏರಿಸಲಿಲ್ಲ. ಅವನ ಫೈಲುಗಳನ್ನು ಡಿಸ್ಕಿಗೆ ತುಂಬಿ ಭಾಲ್ಕಿಗೆ ಕಳಿಸಿದೆ, ಬೇರೆ ಮನೆ ನೋಡಿಕೊಳ್ಳಿ ಎಂದು.

ಅಡುಗೆಯವಳಿಗೆ ಫೋನು ಮಾಡಿ, ಎಲ್ಲ ತೆಗೆದಾಯಿತು, ಈಗ ಹುಡುಕಿದರೂ ಸಿಗದು, ಎಂದೆ. ಶಾಬಾಸ್ ಎನ್ನುತ್ತಾಳೆ ಎಂದುಕೊಂಡಿದ್ದೆ.

"ಅಧ್ಯಕ್ಷರ ಮೊಬೈಲ್‌ನಾಗ ಫೋಟೋ ಅದಲ್ರಿ," ಎಂದಳು. "ನೀವು ಹೊರಗಿಂದು ತಗದ್ರಿ. ಅವರ ಕಿಸೇದಾಗಿಂದು ಹ್ಯಾಂಗ ತಗೀತೀರಿ?"

ಏನು ಮಾಡಬೇಕು ಹೇಳಿ ಎಂದು ಕೇಳಿದೆ. ಇಂಥ ಪ್ರಶ್ನೆ ನಾನು ಯಾರನ್ನೂ ಕೇಳಿದವಳಲ್ಲ.

"ನಂಗ ಅಡಗಿ ಕೆಲ್ಸ ಬೇಕ್ರಿ. ಹನ್ನೆರಡ್ ವರ್ಷ ಮಾಡೇನಿ. ಮತ್ತೇನೂ ಬ್ಯಾಡ."

ಶನಿವಾರ ಕೂತು ಕಂಪನಿಯ ಲೆಟರ್‌ಹೆಡ್ಡಿನಲ್ಲಿ ಆ ಶಾಲೆಯ ಸಮಿತಿಗೆ ಒಂದು ಪತ್ರ ಬರೆದೆ. ಇಂಥ ದಿನದಿಂದ ಇಂಥ ದಿನದವರೆಗೆ ನಮ್ಮ ಸರ್ವರು ಹೊರಗಿನವರ ವಶದಲ್ಲಿತ್ತು. ನನ್ನ ಸ್ವಂತ ಖಾತೆಯ ದುರ್ಬಲ ಪಾಸ್‌ವರ್ಡ್ ಅದಕ್ಕೆ ಕಾರಣ. ಆ ಅವಧಿಯಲ್ಲಿ ಅದರಲ್ಲಿದ್ದ ಸೈಟುಗಳಲ್ಲಿ ಕಂಡ ಯಾವ ಪುಟವನ್ನೂ, ಯಾವ ಕಾಗದವನ್ನೂ ಪುರಾವೆಯಾಗಿ ಎಣಿಸಬಾರದು. ಅದನ್ನು ಇಟ್ಟುಕೊಳ್ಳುವುದೂ ಹಂಚುವುದೂ ತಪ್ಪು. ಕೆಳಗೆ ಸಹಿ, ಶಿಕ್ಕಾ.

ಪಾಲುದಾರ ಎರಡು ಸಲ ಓದಿದ. "ಇದು ಹೊರಗ ಹೋದ್ರ ಗಿರಾಕಿ ನಿಲ್ಲಲ್ಲ ಆಪಾ. ಪಾಸ್‌ವರ್ಡಿನ ಮಾತು ತಗದು, ಬರೇ ಹ್ಯಾಕ್ ಆಗಿತ್ತು ಅಂತ ಬರೀರಿ."

"ಹಂಗ ಬರದ್ರ ಯಾರೂ ನಂಬಲ್ಲ ಭಾಯ್. ನಾನೇ ನಂಬಲ್ಲ. ತನ್ನ ತಪ್ಪು ಬರ್ದವಳ ಮಾತು ನಂಬ್ತಾರ."

ಪತ್ರದಲ್ಲಿ ಒಂದು ಸುಳ್ಳೂ ಇರಲಿಲ್ಲ. ಆದರೂ ಖರೆ ಕಾಗದದ ಮೇಲೆ ಅನುಮಾನ ಹುಟ್ಟಿಸುವುದೇ ಅದರ ಕೆಲಸ ಎಂಬುದೂ ನನಗೆ ಗೊತ್ತಿತ್ತು. ಅದೇ ಪತ್ರವನ್ನು ನೂರಾ ನಲವತ್ತು ಗಿರಾಕಿಗಳಿಗೂ ಕಳಿಸಿದೆ. ಒಂದು ಶಾಲೆಗೆ ಖರೆ, ಉಳಿದವರಿಗೆ ಬಣ್ಣದ ಮಾತು ಎಂದಾದರೆ ಪತ್ರಕ್ಕೆ ಬೆಲೆ ಇರುವುದಿಲ್ಲ. ಸಂಜೆಯೊಳಗೆ ಕಾಲೇಜಿನ ಪ್ರಾಚಾರ್ಯರಿಂದ ಉತ್ತರ ಬಂತು, ಒಂದೇ ಸಾಲು: ಮೇಡಂ, ನಿಮ್ಮಲ್ಲಿ ಬರೀ ಬೋರ್ಡೋ ಅಥವಾ ಒಳಗೆ ಯಾರಾದರೂ ಇದ್ದಾರೋ?

ಸೋಮವಾರ ಹನ್ನೊಂದಕ್ಕೆ ಆ ಊರಿಗೆ ಹೋದೆ. ಎರಡು ಕೋಣೆಯ ಶಾಲೆ, ಹಿಂದೆ ಅಡುಗೆಮನೆ. ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಅವರು, ಸಮಿತಿಯ ಅಧ್ಯಕ್ಷ, ಇನ್ನಿಬ್ಬರು. ಅಧ್ಯಕ್ಷ ಕುರಿ ಸಾಕಿದವನು, ದಪ್ಪ ಮೀಸೆ, ಹೆಗಲ ಮೇಲೆ ಟವೆಲು. ಅಡುಗೆಯವಳು ಬಾಗಿಲಾಚೆ ನಿಂತಿದ್ದಳು, ಸೆರಗಿಗೆ ಕೈ ಒರೆಸುತ್ತ. ನಾನಂದುಕೊಂಡಿದ್ದಕ್ಕಿಂತ ಎತ್ತರದ ಹೆಂಗಸು.

ಮುಖ್ಯೋಪಾಧ್ಯಾಯರು ಪತ್ರವನ್ನು ಗಟ್ಟಿಯಾಗಿ ಓದಿದರು. ಅಧ್ಯಕ್ಷ ನನ್ನ ಮುಖ ನೋಡಿದ.

"ಹಂಗಾದ್ರ ಈ ಫೋಟೋದಾಗಿಂದು ಸುಳ್ಳೇನ್ರಿ?"

"ಖರೆ ಅಂತನೂ ಹೇಳಲ್ಲ, ಸುಳ್ಳಂತನೂ ಹೇಳಲ್ಲರಿ. ಕಳ್ಳರು ಹೊಕ್ಕ ಮನ್ಯಾಗ ಸಿಕ್ಕ ಕಾಗದ ಅದು. ಅದನ್ನ ಹಿಡಕೊಂಡು ಒಬ್ರ ಅನ್ನ ಕಸಗೋಬ್ಯಾಡ್ರಿ. ಇನ್ನೊಂದು ಮಾತ್ರಿ. ಅಲ್ಲಿ ಬರ್ದಿರೋ ಬ್ಯಾನಿ ಯಾರಿಗಿದ್ರೂ ಅನ್ನದಿಂದ ಬರಲ್ಲ. ನನ್ನ ಮಾತು ಬ್ಯಾಡ, ಔರಾದಿನ ದವಾಖಾನ್ಯಾಗ ಯಾವ ಡಾಕ್ಟರಿಗರೆ ಕೇಳ್ರಿ."

"ಕಳ್ಳರಿಗಿ ಬಾಗಿಲಾ ತಗದವ್ರು ಯಾರು?"

"ನಾನೇರಿ. ಬರ್ದೀನಲ್ಲ."

"ಪಾಸ್‌ವರ್ಡ್ ಏನಿಟ್ಟಿದ್ರಿ?"

ಅದು ಅವನಿಗೆ ಬೇಡವಾದ ಮಾತು. ಹೇಳದಿದ್ದರೂ ನಡೆಯುತ್ತಿತ್ತು. ಬಾಗಿಲಾಚೆ ನಿಂತವಳ ಕಡೆ ನೋಡಿದೆ. ಹೇಳಿದೆ. ಹೆಸರು, ಮುಂದೆ ಸಾವಿರದ ಒಂದು.

ಕೋಣೆಯಲ್ಲಿ ನಗು ಎದ್ದಿತು. ಅಧ್ಯಕ್ಷ ಮಾತ್ರ ನಗದೆ, ನನ್ನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದ. ಆ ನೋಟ ನಾನು ಆರು ವರ್ಷ ಜನರ ಮೇಲೆ ಬೀರಿದ್ದೇ. ಎದುರಿಗೆ ನಿಂತು ತಿಂದದ್ದು ಅಂದೇ.

"ಕುರಿ ದೊಡ್ಡಿಗಿ ನಾವು ಇದಕಿಂತ ಚಲೋ ಅಗಳಿ ಹಾಕ್ತೇವ್ರಿ ಬಾಯೋರ," ಎಂದ. "ಇಂಥವ್ರ ಸೈಟಿನಾಗಿನ ಕಾಗದ ನಂಬಿ ಮೀಟಿಂಗ್ ಕರದೀನಲ್ಲ, ನನ್ನ ಬುದ್ಧಿಗಿ ಅನ್ಬೇಕು."

ನನಗೆ ಉತ್ತರ ಬಾಯಿಗೆ ಬಂದಿತ್ತು. ಒಳ್ಳೆಯ ಉತ್ತರ. ನುಂಗಿದೆ. ಫೋಟೋ ಅಳಿಸಿರಿ ಎಂದು ಕೇಳಿಕೊಂಡೆ. ಅಳಿಸಿದ. ಅಳಿಸಿದ ಚಿತ್ರ ಮೊಬೈಲಿನ ಕಸದ ಬುಟ್ಟಿಯಲ್ಲಿ ಇನ್ನೂ ಒಂದು ತಿಂಗಳು ಕೂತಿರುತ್ತದೆ, ಅದನ್ನೂ ಖಾಲಿ ಮಾಡಿಸಿದೆ. ತೋರಿಸಿದವನ ಮೊಬೈಲನ್ನೂ ತರಿಸಿ ಹಾಗೇ ಮಾಡಿಸಿದರು. ಠರಾವು ಆಗಲಿಲ್ಲ. ಊರು ಮರೆಯಿತು ಎಂದು ನಾನು ಹೇಳಲಾರೆ. ಅವಳ ಕೆಲಸ ಉಳಿಯಿತು, ಅಷ್ಟನ್ನು ಹೇಳಬಲ್ಲೆ. ನಮ್ಮ ಮೂವತ್ತೊಂದು ಗಿರಾಕಿಗಳು ಆ ತಿಂಗಳು ಬಿಟ್ಟುಹೋದರು.

ಗಂಟೆ ಹೊಡೆಯಿತು. ಮಕ್ಕಳು ತಾಟು ಹಿಡಿದು ಸಾಲು ಕೂತರು. ಮುಖ್ಯೋಪಾಧ್ಯಾಯರು ಮಾತಿಗೆಂಬಂತೆ, ಊಟ ಮಾಡಿ ಹೋಗಿರಿ ಎಂದರು. ಅಧ್ಯಕ್ಷ ಟವೆಲು ಕೊಡವಿ, ನಂದು ಆಗ್ಯಾದ ಎಂದು ಹೊರಟ. ನಾನು ಮಕ್ಕಳ ಸಾಲಿನ ತುದಿಯಲ್ಲಿ ಕೂತೆ.

ಅವಳು ಬಡಿಸುತ್ತ ಬಂದಳು. ಅನ್ನ, ಬ್ಯಾಳಿ ಸಾರು. ನನ್ನ ಮುಂದೆ ಸೌಟು ಹಿಡಿದು ನಿಂತು, ಮಕ್ಕಳಿಗೆ ಕೇಳದಷ್ಟು ಮೆಲ್ಲಗೆ ಕೇಳಿದಳು.

"ಅಕ್ಕೋರ, ಈಗರ ಪಾಸ್‌ವರ್ಡ್ ಬದಲಿ ಮಾಡೀರಿಲ್ಲೋ?"

"ಮಾಡೇನವ್ವ."

"ಎಲ್ಲ್ಯೂ ಬರದಿಡಬ್ಯಾಡ್ರಿ ಮತ್ತ."

ಹೂಂ ಎಂದೆ. ಸಾರಿಗೆ ಉಪ್ಪು ಕಡಿಮೆಯಾಗಿತ್ತು. ಹೇಳಲಿಲ್ಲ, ಇನ್ನೊಂದು ಸೌಟು ಹಾಕಿಸಿಕೊಂಡೆ.